ಉಪ್ಪು ನೋಡದ ಬದರಿನಾಥ

ಅಡಿಗೆಯವರು ಉಪ್ಪು ನೋಡುವುದೆಂದರೆ ಏನೆಂದು ನಿಮಗೆ ಗೊತ್ತೇ ಇದೆ. ಸೌಟಿನಲ್ಲಿ ಒಂದಿಷ್ಟು ಎತ್ತಿ, ಅಂಗೈಗೆ ಬಿಟ್ಟುಕೊಂಡು, ಉಫ್ ಎಂದು ಊದಿ, ನೆಕ್ಕಿ, ಸೂರು ನೋಡುತ್ತಾ ಯೋಚಿಸಿ, 'ಇನ್ನೊಂದು ಹಿಡಿ ಹಾಕು' ಎನ್ನುವುದು. ಹಾಗೆ ಮಾಡದ ಅಡಿಗೆಯವನನ್ನು ನಾನು ಕಂಡದ್ದು ಒಬ್ಬನನ್ನೇ, ನಮ್ಮ ಬದರಿನಾಥನನ್ನು. ಜಯನಗರದಿಂದ ಜೆ.ಪಿ. ನಗರದವರೆಗೆ ಅವನು ಒಲೆ ಹಚ್ಚದ ಛತ್ರವಿಲ್ಲ. ಅಷ್ಟು ಮದುವೆ, ಮುಂಜಿ, ಸೀಮಂತ ಮಾಡಿದವನು ಒಂದು ಸಲವೂ ಒಲೆಯ ಮುಂದೆ ನಿಂತು ನಾಲಿಗೆ ಚಾಚಿದ್ದಿಲ್ಲ.

ಬದರಿ ನನ್ನ ದೊಡ್ಡಪ್ಪನ ಮಗ. ನನಗಿಂತ ದೊಡ್ಡವನೇ, ಆದರೆ ಹನುಮಂತನಗರದ ಒಂದೇ ಮನೆಯಲ್ಲಿ ಹೊಡೆದಾಡಿಕೊಂಡು ಬೆಳೆದವರಾದ್ದರಿಂದ ಬಹುವಚನದ ಉಸಾಬರಿ ಇಲ್ಲ. ದೊಡ್ಡಪ್ಪ ಮದುವೆ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದರು. ಅವರ ನಂತರ ಸೌಟು ಬದರಿಯ ಕೈಗೆ ಬಂತು, ಫೋನು ನನ್ನ ಕೈಗೆ. ಒಪ್ಪಿಕೊಳ್ಳುವುದು, ಸಾಮಾನು ತರಿಸುವುದು, ಜನರ ಹತ್ತಿರ ಬೈಸಿಕೊಳ್ಳುವುದು ನನ್ನ ಕೆಲಸ. ಇಬ್ಬರಿಗೂ ಮೂಗಿನ ತುದಿಯಲ್ಲೇ ಒಂದೊಂದು ಇತ್ತು. ಅವನಿಗೆ ಉಪ್ಪಿನ ಹದ, ನನಗೆ ಸಿಟ್ಟು.

ನಿಯಮ ಅವನು ಹುಟ್ಟಿಸಿದ್ದಲ್ಲ. ನಮ್ಮ ಅಯ್ಯಂಗಾರರ ಮನೆಗಳಲ್ಲಿ ಮಾಡಿದ ಅಡಿಗೆ ಮೊದಲು ದೇವರಿಗೆ, ಪೆರುಮಾಳಿಗೆ. ನೈವೇದ್ಯವಾಗುವ ತನಕ ಒಂದು ಅಗುಳೂ ಬಾಯಿಗೆ ಹೋಗಬಾರದು. ಹೋದರೆ ಪಾತ್ರೆಯೇ ಎಂಜಲು. ಮನೆಯಲ್ಲಿ ನಾಲ್ಕು ಜನಕ್ಕೆ ಬೇಯಿಸುವಾಗ ಇದು ಕಷ್ಟವಲ್ಲ. ಛತ್ರದಲ್ಲಿ ಐನೂರು ಎಲೆಗೆ ಹುಳಿ ಕುದಿಯುತ್ತಿರುವಾಗ ಯಾರು ಪಾಲಿಸುತ್ತಾರೆ? ಜುಟ್ಟು ಬಿಟ್ಟ ಅಡಿಗೆಯವರೇ ಬಾಗಿಲ ಕಡೆ ಬೆನ್ನು ಮಾಡಿ ನೆಕ್ಕುವುದನ್ನು ನಾನು ನೋಡಿದ್ದೇನೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಬದರಿ ಮಾತ್ರ ತಾನೂ ನೋಡುತ್ತಿರಲಿಲ್ಲ, ತನ್ನ ಅಡಿಗೆಮನೆಯಲ್ಲಿ ಇನ್ನೊಬ್ಬರಿಗೂ ನೋಡಲು ಬಿಡುತ್ತಿರಲಿಲ್ಲ. ಕಡಲೆಬೇಳೆ ಬೆಂದಿದೆಯೇ ಎಂದು ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ, ಎರಡು ಬೆರಳಲ್ಲಿ ಹಿಸುಕಿ ನೋಡಬೇಕು.

ಉಪ್ಪನ್ನು ಅವನು ಮೂಗಿನಿಂದ ನೋಡುತ್ತಿದ್ದ. ಹುಳಿಗೆ ಉಪ್ಪು ಬೀಳುವ ಮುಂಚಿನ ಹಬೆ ಬೇರೆ, ಬಿದ್ದ ಮೇಲಿನ ಹಬೆ ಬೇರೆ ಎನ್ನುತ್ತಿದ್ದ. ಕೊಳಗದ ಮೇಲೆ ಬಗ್ಗಿ ಒಂದು ಉಸಿರು ಎಳೆದು, ಕಣ್ಣು ಮುಚ್ಚಿ, ಹಿಡಿಗೆ ಉಪ್ಪು ತೆಗೆದುಕೊಂಡು, ಅದರಲ್ಲೂ ಸ್ವಲ್ಪ ಡಬ್ಬಕ್ಕೇ ವಾಪಸ್ಸು ಉದುರಿಸಿ, ಉಳಿದದ್ದನ್ನು ಹಾಕುವನು. ಮುಗಿಯಿತು. ನಾನು ರೇಗಿಸುತ್ತಿದ್ದೆ.

"ಘ್ರಾಣೇನ ಅರ್ಧಭೋಜನಂ ಅಂತಾರೆ ಕಣೋ. ವಾಸನೆ ನೋಡಿದ್ರೆ ಅರ್ಧ ಊಟ ಮಾಡ್ದಂಗೆ. ಪೆರುಮಾಳಿಗಿಂತ ಮುಂಚೆ ಅರ್ಧ ನೀನೇ ಹೊಡೀತಿದೀಯ."

"ಮಿಕ್ಕ ಅರ್ಧ ಅವನಿಗೆ ಬಿಟ್ಟಿದೀನಲ್ಲ. ನೀನು ಅದನ್ನೂ ಬಿಡಲ್ಲ," ಎನ್ನುವನು.

ಈ ನಿಯಮದಿಂದಲೇ ನಮ್ಮ ವ್ಯಾಪಾರ ನಿಂತಿತ್ತು ಎಂದರೆ ತಪ್ಪಲ್ಲ. ಮನೆಯ ಹಿರಿಯ ಹೆಂಗಸರು ಫೋನು ಮಾಡಿದರೆ ಮೆನು ಕೇಳುತ್ತಿರಲಿಲ್ಲ, ರೇಟು ಕೇಳುತ್ತಿರಲಿಲ್ಲ. "ಬದರಿನಾಥ ಬರ್ತಾನೆ ತಾನೆ?" ಅಷ್ಟೇ.

ಕೊರೊನಾದ ಎರಡನೇ ಅಲೆಯಲ್ಲಿ ಬದರಿ ಮಲಗಿದ. ಆಸ್ಪತ್ರೆ ಕಂಡು ಬಂದ, ಬದುಕಿದ. ಛತ್ರಗಳ ಬಾಗಿಲು ಮತ್ತೆ ತೆರೆದಾಗ ಒಂದಿಷ್ಟು ತೆಳ್ಳಗಾಗಿ, ಎಂದಿನಂತೆ ಒದ್ದೆ ಪಂಚೆ ಉಟ್ಟು ಒಲೆಯ ಮುಂದೆ ನಿಂತ. ಕೊಳಗದ ಮೇಲೆ ಬಗ್ಗಿದ, ಉಸಿರೆಳೆದ, ಕಣ್ಣು ಮುಚ್ಚಿದ. ನನಗೇನೂ ಅನುಮಾನ ಬರಲಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಬನಶಂಕರಿಯ ಒಂದು ನಾಮಕರಣದಲ್ಲಿ ಸಾತ್ತಮುದು, ಅಂದರೆ ನಮ್ಮ ಮನೆಗಳ ಸಾರು, ಬಿಸಿನೀರಿನಂತೆ ಸಪ್ಪಗಿತ್ತು. ಇನ್ನೊಂದು ಕಡೆ ಹುಳಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಜನ ಬದರಿಯನ್ನು ಬಯ್ಯಲಿಲ್ಲ, ನನ್ನನ್ನು ಬಯ್ದರು, ಅದಕ್ಕೇ ನಾನಿರುವುದು. ದೃಷ್ಟಿಯಾಗಿದೆ ಎಂದರು ಕೆಲವರು, ವಯಸ್ಸಾಯಿತು ಎಂದರು ಕೆಲವರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಒಬ್ಬ ಮುದುಕ ಕೈ ತೊಳೆಯುವಾಗ ನನ್ನ ಕಿವಿಗೆ ಬೀಳಲೆಂದೇ ಹೇಳಿದ.

ಗುಟ್ಟು ಹೊರಬಿದ್ದದ್ದು ಜೆ.ಪಿ. ನಗರದ ಒಂದು ಸೀಮಂತದಲ್ಲಿ. ನಾನು ಹೊರಗೆ ಎಲೆ ಎಣಿಸಿಕೊಳ್ಳುತ್ತಿದ್ದೆ. ಹಾಲು ಸೀದ ವಾಸನೆ ಮುಖಕ್ಕೆ ಹೊಡೆಯಿತು. ಛತ್ರದ ವಾಚ್‌ಮನ್ ಎದ್ದು ಬಂದ, ವಾಲಗದವರು ತಿರುಗಿ ನೋಡಿದರು. ನಾನು ಓಡಿದೆ. ಒಳಗೆ ಬದರಿ ಪಾಯಸದ ಕೊಳಗದ ಮುಂದೆ ನಿಂತು ನಿಧಾನವಾಗಿ ತಿರುವುತ್ತಿದ್ದಾನೆ. ಮುಖದಲ್ಲಿ ಪೂಜೆಗೆ ಕೂತವನ ಶಾಂತಿ. ಪಕ್ಕದಲ್ಲಿ ಅವನ ಕೈಕೆಳಗಿನ ಕೈಲಾಸ್ ಬಾಯಿ ತೆರೆದುಕೊಂಡು ನಿಂತಿದ್ದಾನೆ. ಬದರಿಗೆ ತಳ ಹಿಡಿದಿದೆ ಎಂದು ಹೇಳುವ ಧೈರ್ಯ ಯಾರಿಗೂ ಅದುವರೆಗೆ ಬಂದಿರಲಿಲ್ಲ, ಬರುವ ಸಂದರ್ಭವೂ ಬಂದಿರಲಿಲ್ಲ.

ಗ್ಯಾಸ್ ಆರಿಸಿದವನು ನಾನೇ.

"ವಾಸನೆ ಬರ್ತಿಲ್ವೇನೋ ನಿಂಗೆ?"

ಅವನು ಕೊಳಗದೊಳಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. "ಇಲ್ಲ," ಎಂದ. "ಆಸ್ಪತ್ರೆಯಿಂದ ಬಂದಾಗಿಂದ ಇಲ್ಲ."

ನನಗೆ ಅಯ್ಯೋ ಎನ್ನಿಸಿದ್ದು ನಿಜ. ಆದರೆ ಸಿಟ್ಟು ಮೊದಲು ಬಂತು. ಅಂದು ಸಂಜೆ ಪಾತ್ರೆಗಳೆಲ್ಲ ಟೆಂಪೋ ಹತ್ತಿದ ಮೇಲೆ ಅವನನ್ನು ಕೂರಿಸಿಕೊಂಡು ಬುದ್ಧಿ ಹೇಳಿದೆ. ಮೂಗು ಹೋದರೆ ಹೋಯಿತು, ನಾಲಿಗೆ ಇದೆಯಲ್ಲ, ಎಲ್ಲರ ಹಾಗೆ ಉಪ್ಪು ನೋಡು ಎಂದೆ.

"ಆಗಲ್ಲ."

"ನೀನು ನೋಡ್ಬೇಡ, ಕೈಲಾಸ್ ನೋಡ್ಲಿ."

"ಯಾರ ಬಾಯಿಗೆ ಹೋದ್ರೂ ಎಂಜಲೇ."

ಅದಕ್ಕೂ ನನ್ನ ಹತ್ತಿರ ಉಪಾಯವಿತ್ತು. ಮೊದಲು ಒಂದು ಬಟ್ಟಲಲ್ಲಿ ತೆಗೆದು ಪೆರುಮಾಳಿಗೆ ನೈವೇದ್ಯ ಮಾಡಿಬಿಡುವುದು. ಅಲ್ಲಿಗೆ ನಿಯಮ ಉಳಿಯಿತು. ಆಮೇಲೆ ರುಚಿ ನೋಡಿ, ಕಡಿಮೆಯಾಗಿದ್ದರೆ ಹಾಕಿ, ಬಡಿಸುವುದು. ಬೇಕಾದಷ್ಟು ಜನ ಹೀಗೇ ಮಾಡುತ್ತಾರೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಬದರಿ ನನ್ನನ್ನು ಗುರುತಿಲ್ಲದವನಂತೆ ನೋಡಿದ. "ಉಪ್ಪಿಲ್ಲದ್ದನ್ನ ಅವನಿಗೆ ಕೊಟ್ಟು, ಸರಿಮಾಡಿದ್ದನ್ನ ಬೀಗರಿಗೆ ಕೊಡೋದಾ? ಪೆರುಮಾಳನ್ನ ಉಪ್ಪು ನೋಡೋ ಆಳು ಮಾಡ್ತೀಯೇನೋ?"

ಇದಕ್ಕೆ ಏನು ಹೇಳುತ್ತೀರಿ? ನಾನು ಹೇಳಬಾರದ್ದನ್ನೆಲ್ಲ ಹೇಳಿದೆ. ದೇವರು ಬೇಡವೆಂದರೂ ನೀನು ಬಿಡುವವನಲ್ಲ, ನಿನ್ನ ಮಡಿಯಿಂದ ನನ್ನ ಹೆಸರು ಕೊಳೆಯಾಗುತ್ತಿದೆ ಎಂದೆ. ಅವನು ಪಂಚೆ ಎತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಹೋದ.

ಅಷ್ಟರಲ್ಲಿ ಜಯನಗರದ ವೇದವಲ್ಲಿಯಮ್ಮನ ಮೊಮ್ಮಗಳ ಮದುವೆ ಬಂತು. ವೇದವಲ್ಲಿಯಮ್ಮ ಹೊರಗಿನ ಕಾಫಿಯನ್ನೂ ಮುಟ್ಟುವವರಲ್ಲ. ಬದರಿ ಮಾಡಿದ್ದಾದರೆ ಮಾತ್ರ ಛತ್ರದಲ್ಲಿ ಊಟ ಮಾಡುತ್ತೇನೆ, ಇಲ್ಲದಿದ್ದರೆ ಮೊಮ್ಮಗಳ ಮದುವೆಯಲ್ಲೂ ಎರಡು ಬಾಳೆಹಣ್ಣು ತಿಂದುಕೊಂಡಿರುತ್ತೇನೆ ಎಂದು ಹೇಳಿ ಕಳಿಸಿದ್ದರು. ಗಂಡಿನ ಕಡೆಯವರೋ ಹೊಸಬರು, ನಾಲಿಗೆ ಚುರುಕಿನವರು. ಅಲ್ಲೊಂದು ಸಲ ಉಪ್ಪು ತಪ್ಪಿದರೆ ಬದರಿಯ ಹೆಸರು ಮುಗಿದಂತೆಯೇ. ಬೇರೆ ಅಡಿಗೆಯವನನ್ನು ನಿಲ್ಲಿಸುತ್ತೇನೆ, ನೀನು ಮನೆಯಲ್ಲಿರು ಎಂದು ಹೇಳಲು ನಾನು ಹನುಮಂತನಗರಕ್ಕೆ ಹೋದೆ. ಬೇರೆ ಕೆಲಸ ಗೊತ್ತಿಲ್ಲದವನಿಗೆ ಆ ಮಾತು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಊಟದ ಹೊತ್ತು. ಅತ್ತಿಗೆ ಅಲಮೇಲು ನನಗೂ ತಟ್ಟೆ ಹಾಕಿದರು. ಸೌತೆಕಾಯಿ ಕೋಸಂಬರಿ ಬಡಿಸಿದರು. ನಾನು ಒಂದು ತುತ್ತು ಬಾಯಿಗಿಟ್ಟೆ. ಸೌತೆಕಾಯಿ ಬೇವಿನಷ್ಟು ಕಹಿ. ಎದ್ದು ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದೆ.

"ಅಯ್ಯೋ, ಕಹಿ ಇತ್ತಾ? ಸಿಪ್ಪೆ ತೆಗೆಯೋವಾಗ ನೋಡ್ಕೊಳ್ಳಲಿಲ್ಲ," ಎಂದು ಅತ್ತಿಗೆ ಪೇಚಾಡಿದರು.

ನಾನು ಬದರಿಯ ತಟ್ಟೆ ನೋಡಿದೆ. ಕೋಸಂಬರಿ ಇದ್ದ ಜಾಗ ಖಾಲಿ. ಅವನು ಪೂರ್ತಿ ತಿಂದಿದ್ದ. ನಾನು ನೋಡಿದ್ದನ್ನು ಅವನು ನೋಡಿದ, ಅತ್ತಿಗೆಯೂ ನೋಡಿದರು.

"ನಾಲಿಗೆನೂ ಹೋಗಿದೆ ಮಾಧವ," ಎಂದ ಬದರಿ. "ಸಕ್ಕರೆನೂ ಅಷ್ಟೇ, ಸುಣ್ಣಾನೂ ಅಷ್ಟೇ. ರುಚಿ ವಾಪಸ್ ಬಂದ್ರೂ ಬರಬಹುದು ಅಂದ್ರು ಡಾಕ್ಟ್ರು. ಬರ್ಲಿಲ್ಲ."

ಅತ್ತಿಗೆ ಹುಳಿಯ ಪಾತ್ರೆ ಹಿಡಿದು ನಿಂತೇ ಇದ್ದರು. "ಒಂದು ಉಪ್ಪಿನಕಲ್ಲು ಹೆಚ್ಚಾದ್ರೆ ತಟ್ಟೆ ತಳ್ತಿದ್ರು ಇವ್ರು. ಆಸ್ಪತ್ರೆಯಿಂದ ಬಂದ ಮೇಲೆ ಏನ್ ಮಾಡಿದ್ರೂ ಚೆನ್ನಾಗಿದೆ, ಚೆನ್ನಾಗಿದೆ. ಸಾವು ನೋಡಿ ಬಂದು ಮೆತ್ತಗಾಗಿದಾರೆ ಅಂದ್ಕೊಂಡೆ. ನನ್ ಕೈರುಚಿ ಕೊನೆಗೂ ಒಪ್ಪಿದ್ರಲ್ಲ ಅಂತ ಖುಷಿಪಟ್ಟಿದ್ದೆ," ಎಂದು ಹೇಳಿ ಒಳಗೆ ಹೋದರು.

ನಾನು ಹಠ ಎಂದುಕೊಂಡದ್ದು ಹಠವಾಗಿರಲಿಲ್ಲ. ಉಪ್ಪು ನೋಡು ಎಂದು ಅಷ್ಟು ಕೂಗಾಡಿದೆನಲ್ಲ, ನೋಡಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.

"ಯಾಕೋ ಹೇಳ್ಲಿಲ್ಲ?"

"ಹೆಂಗ್ ಹೇಳ್ಲಿ? ಬದರಿ ಬಾಯಿಗೆ ಹಾಕಲ್ಲ ಅನ್ನೋದು ಊರಿಗೆಲ್ಲ ಗೊತ್ತು. ಅದಕ್ಕೇ ಯಾರೂ ನೋಡು ಅನ್ನಲಿಲ್ಲ. ಆ ನಿಯಮ ಇದ್ದದ್ದಕ್ಕೆ ಇಷ್ಟು ದಿನ ನಡೀತು. ಮೊದಲು ನಾನು ಅದನ್ನ ಕಾದೆ, ಆಮೇಲೆ ಅದು ನನ್ನ ಕಾಯ್ತು." ಸ್ವಲ್ಪ ತಡೆದು, "ಅರ್ಧ ಊಟ ಅಂತಿದ್ಯಲ್ಲ, ಅದೂ ಇಲ್ಲ ಈಗ. ಪೂರ್ತಿ ಅವನಿಗೇ," ಎಂದು ನಕ್ಕ. ಅವನು ನಗಬಾರದಿತ್ತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಯಲ್ಲಿರು ಎಂದು ಹೇಳಲು ಹೋದವನು ಏನೂ ಹೇಳದೆ ಎದ್ದೆ. ಅವನೇ ಬಾಗಿಲವರೆಗೆ ಬಂದು, "ವೇದವಲ್ಲಿಯಮ್ಮನ ಮನೆಗೆ ನಾಳೆ ನಾನೂ ಬರ್ತೀನಿ," ಎಂದ.

ವೇದವಲ್ಲಿಯಮ್ಮ ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಬದರಿ ಮುಂದೆ ನಿಂತು, ಒಂದೂ ಮುಚ್ಚಿಡದೆ ಹೇಳಿದ. ಮೂಗಿಲ್ಲ, ನಾಲಿಗೆ ಇಲ್ಲ, ಆದ್ದರಿಂದ ಮದುವೆಯ ಅಡಿಗೆಯನ್ನು ಕೈಲಾಸ್ ರುಚಿ ನೋಡುತ್ತಾನೆ.

"ಅದು ನಿಮಗೆ ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ ಅಮ್ಮ. ಗೊತ್ತಿಲ್ದೆ ನೀವು ಊಟ ಮಾಡೋದು ಬೇಡ."

ಇದೊಂದು ಕೆಲಸ ಹೋದರೆ ಹಿಂದೆಯೇ ಹತ್ತು ಹೋಗುತ್ತವೆ. ಈ ಹೆಂಗಸರ ಬಾಯಿ ನನಗೆ ಗೊತ್ತು.

ಮುದುಕಿ ಬಹಳ ಹೊತ್ತು ಸೆರಗಿನ ಅಂಚು ತಿರುವಿದರು. "ಪೆರುಮಾಳಿಗೆ ಏನ್ ಮಾಡ್ತೀಯಪ್ಪಾ?"

"ಅವನಿಗೆ ಬೇರೆ ಒಂದು ಸಣ್ಣ ಪಾತ್ರೇಲಿ ಮಾಡ್ತೀನಿ. ಯಾರೂ ಮುಟ್ಟಲ್ಲ, ಯಾರೂ ನೋಡಲ್ಲ. ಕೈ ಅಂದಾಜು ಅಷ್ಟೇ. ಉಪ್ಪು ಹೆಚ್ಚು ಕಮ್ಮಿ ಆದ್ರೆ ನಾನು ಅವನು ಮಾತಾಡ್ಕೋತೀವಿ. ಬೀಗರ ಹತ್ರ ನಂಗೆ ಆ ಸಲಿಗೆ ಇಲ್ಲ."

"ಸರಿ," ಎಂದರು ವೇದವಲ್ಲಿಯಮ್ಮ. "ನನ್ ಎಲೆಗೂ ಅದೇ ಪಾತ್ರೆದು ಬಡಿಸು."

ಮದುವೆಯ ದಿನ ಬದರಿ ಎಂದಿಗಿಂತ ಬೇಗ ಒಲೆ ಹಚ್ಚಿದ. ಒಂದು ಮೂಲೆಯಲ್ಲಿ ಸಣ್ಣ ಒಲೆ, ಅದರ ಮೇಲೆ ದೊಡ್ಡಪ್ಪನ ಕಾಲದ ಹಿತ್ತಾಳೆಯ ತಪ್ಪಲೆ. ಸುತ್ತ ಒಂದು ಮೊಳ ಯಾರೂ ಬರುವಂತಿಲ್ಲ. ಮಧ್ಯದಲ್ಲಿ ದೊಡ್ಡ ಕೊಳಗದಲ್ಲಿ ಪಂಕ್ತಿಯ ಹುಳಿ ಕುದಿಯಿತು. ಎಲ್ಲ ಬಿದ್ದ ಮೇಲೆ ಅವನು ಕೈಲಾಸನನ್ನು ಕರೆದ.

ಕೈಲಾಸ್ ಹುಡುಗನಲ್ಲ, ನಲವತ್ತು ದಾಟಿದವನು, ಮಗಳು ಕಾಲೇಜಿಗೆ ಹೋಗುತ್ತಾಳೆ. ಆದರೂ ಆ ಹೊತ್ತು ಮೇಷ್ಟರ ಮುಂದೆ ನಿಂತವನಂತೆ ನಿಂತ.

"ಉಪ್ಪು ನೋಡು."

ಕೈಲಾಸ್ ಬಗ್ಗಿ ಹಬೆ ಎಳೆದುಕೊಂಡು ಕೆಮ್ಮಿದ. "ವಾಸನೇಲಿ ನಂಗೆ ಗೊತ್ತಾಗಲ್ಲ ಸ್ವಾಮಿ."

"ಬಾಯಿಗೆ ಹಾಕ್ಕೊಂಡು ನೋಡು ಅಂದಿದ್ದು."

ತರಕಾರಿ ಹೆಚ್ಚುತ್ತಿದ್ದ ಹೆಂಗಸರ ಈಳಿಗೆಮಣೆ ನಿಂತಿತು. ಕೈಲಾಸ್ ನನ್ನ ಮುಖ ನೋಡಿದ. ನಾನು ಹೂಂ ಎಂದೆ. ಅವನ ಕೈ ಸೌಟಿನ ಕಡೆ ಹೋಗುತ್ತಿದ್ದಂತೆಯೇ ಬದರಿ ಶುರುಮಾಡಿದ. ಸೌಟು ತುಟಿಗೆ ತಾಗಬಾರದು. ಮೇಲಿನಿಂದ ಅಂಗೈಗೆ ಬಿಟ್ಟುಕೋ. ಎಡಗೈ ಬೇಡ, ಬಲಗೈ. ಬಾಗಿಲಾಚೆ ಹೋಗಿ ಬಾಯಿಗೆ ಹಾಕಿಕೋ, ಅಲ್ಲೇ ಕೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಬಾ. ಒಂದು ನಿಯಮ ಬಿಟ್ಟವನು ನಿಂತ ನಿಲುವಿನಲ್ಲಿ ಐದು ಹೊಸದನ್ನು ಹೆತ್ತ. ನನಗೆ ನಗು ಬಂತು, ಅದರ ಹಿಂದೆಯೇ ಸಂಕಟವೂ ಆಯಿತು. ಕೈಲಾಸ್ ಅಂಗೈ ಬಟ್ಟಲು ಮಾಡಿಕೊಂಡು, ಬಿಸಿಗೆ ಸೊರ್ ಎನ್ನುತ್ತಾ ಹೊರಗೆ ನಡೆದ. ಬದರಿ ಅವನು ಹೋದ ಕಡೆ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ನಿಂತಿದ್ದ. ಅಷ್ಟು ವರ್ಷ ಕಾಪಾಡಿದ ನಿಯಮ ಅವನ ಎದುರಿಗೇ, ಅವನ ಮಾತಿನಿಂದಲೇ ಮುರಿಯಿತು. ನೋಡಲಾರದೆ ನಾನೂ ಎಲೆ ಕಟ್ಟು ಬಿಚ್ಚುವ ನೆಪ ಮಾಡಿಕೊಂಡೆ.

"ಇನ್ನೊಂದ್ ಅರ್ಧ ಹಿಡಿ ಬೇಕು ಸ್ವಾಮಿ," ಎಂದು ಕೈಲಾಸ್ ಬಂದು ಹೇಳಿದ.

"ನೀನೇ ಹಾಕು."

ನೈವೇದ್ಯವಾಯಿತು. ಸಣ್ಣ ತಪ್ಪಲೆಯನ್ನು ಬದರಿಯೇ ಬಾಳೆಲೆ ಮುಚ್ಚಿ ಒಳಗೆ ಕೊಂಡುಹೋಗಿ, ಪುರೋಹಿತರು ಛತ್ರದ ಸನ್ನಿಧಿಯ ಪರದೆ ಎಳೆಯುವವರೆಗೆ ಕೈಕಟ್ಟಿ ನಿಂತಿದ್ದ. ಪಂಕ್ತಿ ಕೂತಿತು. ಗಂಡಿನ ಕಡೆಯವರು ಹುಳಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಬೀಗರಾಗುವವರೇ ನನ್ನನ್ನು ಕರೆದು, ಅಡಿಗೆಯವರ ಹೆಸರೇನು, ನಂಬರ್ ಕೊಡಿ ಎಂದರು.

ವೇದವಲ್ಲಿಯಮ್ಮ ಪಂಕ್ತಿಯ ಕೊನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅವರ ಎಲೆಗೆ ಸಣ್ಣ ತಪ್ಪಲೆಯದನ್ನು ನಾನೇ ಬಡಿಸಿದ್ದೆ. ಅತ್ತ ಹೋದಾಗ ಬೆರಳಲ್ಲಿ ಕರೆದರು. ಎಲೆಯ ತುದಿಗೆ ಹಾಕಿದ್ದ ಉಪ್ಪೆಲ್ಲ ಖಾಲಿಯಾಗಿತ್ತು.

"ಒಂದಿಷ್ಟು ಉಪ್ಪು ತಗೊಂಡ್ ಬಾ," ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಬದರಿಗೆ ಹೇಳ್ಬೇಡ," ಎಂದರು.

ಉಪ್ಪು ತಂದು ಹಾಕಿದೆ. ಅವರು ಕಲಸಿಕೊಂಡು ಒಂದು ಅಗುಳೂ ಬಿಡದೆ ಊಟ ಮಾಡಿದರು.

ಎಲ್ಲ ಪಂಕ್ತಿ ಎದ್ದ ಮೇಲೆ ಅಡಿಗೆಮನೆಗೆ ಹೋದೆ. ಬಡಿಸಿದವರೆಲ್ಲ ದೊಡ್ಡ ಕೊಳಗದ ಸುತ್ತ ಕೂತು ಊಟ ಮಾಡುತ್ತಿದ್ದರು. ಬದರಿ ಒಬ್ಬನೇ ಮೂಲೆಯಲ್ಲಿ, ಸಣ್ಣ ತಪ್ಪಲೆಯನ್ನು ಪಕ್ಕದಲ್ಲಿಟ್ಟುಕೊಂಡು, ಅನ್ನಕ್ಕೆ ಅದೇ ಹುಳಿ ಸುರಿದುಕೊಂಡು ಕಲಸುತ್ತಿದ್ದ. ಬೀಗರು ನಂಬರ್ ಕೇಳಿದ್ದನ್ನು ಹೇಳಿದೆ. "ಕೈಲಾಸಂಗೆ ಹೇಳು," ಎಂದ.

ಎರಡು ತುತ್ತು ಉಂಡು, ತಪ್ಪಲೆಯ ಕಡೆ ಗಲ್ಲ ತೋರಿಸಿದ. "ಇದರಲ್ಲಿ ಉಪ್ಪು ಹಿಡಿದಿತ್ತಾ? ವೇದವಲ್ಲಿಯಮ್ಮ ಏನಂದ್ರು?"

ಬಾಯಿಬಡುಕನಾದ ನನಗೆ ಒಂದು ಸುಳ್ಳು ಸಿಗಲಿಲ್ಲ. ಸಿಕ್ಕಿದ್ದರೂ ಅವನಿಗೆ ಹೇಳುತ್ತಿರಲಿಲ್ಲ. ವೇದವಲ್ಲಿಯಮ್ಮ ಉಪ್ಪಿನ ಮೇಲೆ ಉಪ್ಪು ಕಲಸಿಕೊಂಡಾಗಲೇ ನನಗೆ ಗೊತ್ತಾಗಿತ್ತು: ಪಂಕ್ತಿಯ ಹುಳಿಯ ಗಲಾಟೆಯಲ್ಲಿ ಅವನು ಆ ಪಾತ್ರೆಗೆ ಉಪ್ಪು ಹಾಕುವುದನ್ನೇ ಮರೆತಿದ್ದ, ನೆನಪಿಸಲು ಮೂಗೂ ಇರಲಿಲ್ಲ, ನಾಲಿಗೆಯೂ ಇರಲಿಲ್ಲ.

"ಉಪ್ಪೇ ಬಿದ್ದಿಲ್ಲ ಬದರಿ," ಎಂದೆ.

ಅವನ ಕೈ ನಿಂತಿತು. ತಪ್ಪಲೆಯನ್ನು ನೋಡಿದ, ಪರದೆ ಎಳೆದಿದ್ದ ಸನ್ನಿಧಿಯ ಕಡೆ ನೋಡಿದ. ಅಳುತ್ತಾನೆ ಎಂದುಕೊಂಡೆ. ಅಳಲಿಲ್ಲ. ಮತ್ತೆ ನಿಧಾನವಾಗಿ ಅನ್ನ ಕಲಸತೊಡಗಿದ.

"ಇಷ್ಟು ದಿನ ನಾನೊಬ್ನೇ ಹಿಂಗೆ ಊಟ ಮಾಡ್ತಿದ್ದೆ," ಎಂದ. "ಇವತ್ತು ಪೆರುಮಾಳೂ ನನ್ ಜೊತೆ ಕೂತು ಮಾಡ್ದ."

ನಾನು ಒಂದು ಎಲೆ ಎಳೆದುಕೊಂಡು ಅವನ ಪಕ್ಕ ಕೂತೆ. ದೊಡ್ಡ ಕೊಳಗದ ಹುಳಿ ತರಲು ಕೈಲಾಸ್ ಏಳುತ್ತಿದ್ದ. ಬೇಡ, ಇದನ್ನೇ ಬಡಿಸು ಎಂದು ತಪ್ಪಲೆ ತೋರಿಸಿದೆ.